ಲಿಸ್ಟಿನಿಂದ ಅರೇಗೆ: ಒಂದು ಸಾಲಿನ ಹಿಂದಿನ ಇಪ್ಪತ್ತು ವರ್ಷ

ಜಾವಾದಲ್ಲಿ ಕೆಲಸ ಮಾಡುವವರಲ್ಲಿ ಈ ಸಾಲು ಬರೆಯದವರು ಇರಲಿಕ್ಕಿಲ್ಲ. ಕೈಯಲ್ಲೊಂದು ಲಿಸ್ಟ್ ಇದೆ, ಅದರ ತುಂಬ ಸ್ಟ್ರಿಂಗ್‌ಗಳಿವೆ, ಆದರೆ ಮುಂದಿನ ಮೆಥಡ್ ಕೇಳುವುದು ಸ್ಟ್ರಿಂಗ್ ಅರೇ. ಲಿಸ್ಟಿನ ಮೇಲೆ ‘ಟುಅರೇ’ ಕರೆಯುತ್ತೇವೆ. ಆವರಣದೊಳಗೆ ‘ನ್ಯೂ ಸ್ಟ್ರಿಂಗ್’ ಎಂದು ಬರೆದು ಚೌಕ ಕಂಸದಲ್ಲಿ ಒಂದು ಅಂಕಿ ಹಾಕುತ್ತೇವೆ. ಜಗಳವೆಲ್ಲ ಆ ಅಂಕಿಯದು. ಕೆಲವರು ಸೊನ್ನೆ ಹಾಕುತ್ತಾರೆ, ಕೆಲವರು ಲಿಸ್ಟಿನ ಸೈಜ್ ಹಾಕುತ್ತಾರೆ. ಕೋಡ್ ರಿವ್ಯೂನಲ್ಲಿ ಹಿರಿಯರೊಬ್ಬರು ಸೊನ್ನೆ ಕಂಡು ‘ಸೈಜ್ ಕೊಡಪ್ಪ, ಎರಡೆರಡು ಅರೇ ಯಾಕೆ ಮಾಡಿಸ್ತೀಯ’ ಎಂದು ತಿದ್ದಿಸುತ್ತಾರೆ. ಎರಡು ವರ್ಷ ಕಳೆದು ಟೀಮ್ ಬದಲಾದಾಗ ಇನ್ನೊಬ್ಬರು ‘ಸೊನ್ನೇನೇ ಹಾಕಿ, ಅದೇ ಫಾಸ್ಟು’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳಿದ್ದಲ್ಲ. ಇಬ್ಬರ ಮಾತೂ ಒಂದೊಂದು ಕಾಲಕ್ಕೆ ಸರಿಯಾಗಿತ್ತು.

ಮೊದಲಿಗೆ, ಏನನ್ನೂ ಕೊಡದೆ ಬರಿದೇ ‘ಟುಅರೇ’ ಎಂದರೆ ಏಕೆ ಸಾಲದು? ಸ್ಟ್ರಿಂಗ್‌ಗಳ ಲಿಸ್ಟ್ ಎಂದು ಸ್ಪಷ್ಟವಾಗಿ ಬರೆದಿದ್ದೇವೆ, ಕಂಪೈಲರಿಗೂ ಅದು ಗೊತ್ತು. ಆದರೂ ಕೈಗೆ ಬರುವುದು ಆಬ್ಜೆಕ್ಟ್ ಅರೇ. ಅದನ್ನು ಸ್ಟ್ರಿಂಗ್ ಅರೇ ಎಂದು ಕಾಸ್ಟ್ ಮಾಡಿದರೆ ಕಂಪೈಲರ್ ತೆಪ್ಪಗಿರುತ್ತದೆ, ಓಡಿಸಿದಾಗ ಕ್ಲಾಸ್ ಕಾಸ್ಟ್ ಎಕ್ಸೆಪ್ಷನ್ ಮುಖಕ್ಕೆ ಬಡಿಯುತ್ತದೆ. ಒಳಗಿರುವ ಒಂದೊಂದೂ ಸ್ಟ್ರಿಂಗೇ, ಅವನ್ನು ಹೊತ್ತ ಅರೇ ಮಾತ್ರ ಸ್ಟ್ರಿಂಗ್ ಅರೇ ಅಲ್ಲ. ಹೊಸಬರು ತಲೆ ಕೆರೆದುಕೊಳ್ಳುವುದು ಇಲ್ಲಿಯೇ.

ಕಾರಣ ಹುಡುಕಲು ಭಾಷೆಯ ಬಾಲ್ಯಕ್ಕೆ ಹೋಗಬೇಕು. 1996ರ ಜನವರಿಯಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾದ ಮೊದಲ ಆವೃತ್ತಿ ಕೊಟ್ಟಾಗ ಅದರಲ್ಲಿ ಜೆನೆರಿಕ್ಸ್ ಇರಲಿಲ್ಲ. ಯಾವ ಜಾತಿಯ ವಸ್ತುಗಳನ್ನಾದರೂ ಒಂದೇ ಮೆಥಡ್‌ನಿಂದ ವಿಂಗಡಿಸಬೇಕೆಂದರೆ ಅದು ಆಬ್ಜೆಕ್ಟ್ ಅರೇಯನ್ನು ಒಪ್ಪಿಕೊಳ್ಳಬೇಕಿತ್ತು. ಸ್ಟ್ರಿಂಗ್ ಅರೇಯನ್ನೂ ಅದಕ್ಕೆ ಕೊಡುವಂತಿರಬೇಕಿತ್ತು. ಹೀಗಾಗಿ ಸ್ಟ್ರಿಂಗ್ ಅರೇಯೂ ಒಂದು ಬಗೆಯ ಆಬ್ಜೆಕ್ಟ್ ಅರೇಯೇ ಎಂಬ ನಿಯಮ ಬಂತು. ಇದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಆಬ್ಜೆಕ್ಟ್ ಅರೇ ಎಂದು ತಿಳಿದು ಯಾರೋ ಅದರೊಳಗೆ ಪೂರ್ಣಾಂಕ ಇಡಲು ಹೋದರೆ ತಡೆಯುವವರು ಯಾರು? ಅರೇಯೇ ತಡೆಯಬೇಕು. ಅದಕ್ಕಾಗಿ ಪ್ರತಿ ಅರೇಯೂ ತಾನು ಯಾವ ಜಾತಿ ಎಂಬುದನ್ನು ಓಡುವ ಹೊತ್ತಿನಲ್ಲೂ ನೆನಪಿಟ್ಟುಕೊಂಡಿರುತ್ತದೆ, ಏನಾದರೂ ಇಡಲು ಹೋದಾಗಲೆಲ್ಲ ಪರೀಕ್ಷಿಸುತ್ತದೆ, ಹೊಂದದಿದ್ದರೆ ಅರೇ ಸ್ಟೋರ್ ಎಕ್ಸೆಪ್ಷನ್ ಎಸೆಯುತ್ತದೆ.

ಜೆನೆರಿಕ್ಸ್ ಬಂದದ್ದು 2004ರಲ್ಲಿ, ಜಾವಾ 5ರ ಜೊತೆ. ಗಿಲಾಡ್ ಬ್ರಾಕಾ, ಮಾರ್ಟಿನ್ ಒಡರ್ಸ್ಕಿ, ಫಿಲಿಪ್ ವಾಡ್ಲರ್ ಮೊದಲಾದವರು 1998ರಲ್ಲಿ ರೂಪಿಸಿದ ಜಿಜೆ ಎಂಬ ವಿನ್ಯಾಸ ಅದರ ಬೇರು. ಅಷ್ಟರಲ್ಲಿ ಲೋಕದ ತುಂಬ ಹಳೆಯ ಜಾವಾ ಕೋಡ್ ಓಡುತ್ತಿತ್ತು. ಅದನ್ನು ಮುರಿಯಬಾರದೆಂದು ಜೆನೆರಿಕ್ ಮಾಹಿತಿಯನ್ನು ಕಂಪೈಲರ್ ಪರೀಕ್ಷಿಸಿ ಅಳಿಸಿಹಾಕುವ ದಾರಿ ಹಿಡಿದರು. ಲಿಸ್ಟಿಗೆ ತನ್ನೊಳಗೆ ಸ್ಟ್ರಿಂಗ್ ಇರಬೇಕೆಂಬುದು ಓಡುವ ಹೊತ್ತಿಗೆ ನೆನಪೇ ಇಲ್ಲ. ಅರೇಗಾದರೋ ತನ್ನ ಜಾತಿ ಮರೆಯಲು ಬರುವುದಿಲ್ಲ. ಮರೆವಿನವನ ಮನೆಯಿಂದ ನೆನಪಿನವನ ಮನೆಗೆ ಸಾಮಾನು ಸಾಗಿಸುವ ಕೆಲಸ ಟುಅರೇಯದು. ಮೈಕ್ರೋಸಾಫ್ಟಿನವರು 2005ರ ಸಿ ಶಾರ್ಪ್‌ನಲ್ಲಿ ಜೆನೆರಿಕ್ ಮಾಹಿತಿಯನ್ನು ಅಳಿಸದೆ ಉಳಿಸಿಕೊಂಡರು. ಅಲ್ಲಿ ಬರಿದೇ ‘ಟುಅರೇ’ ಎಂದರೆ ಸರಿಯಾದ ಜಾತಿಯ ಅರೇಯೇ ಬರುತ್ತದೆ, ಈ ಲೇಖನಕ್ಕೆ ಅಲ್ಲಿ ಕೆಲಸವಿಲ್ಲ.

ಹಾಗಾದರೆ ಜಾತಿಯನ್ನು ಹೇಳುವವರು ಯಾರು? ಕರೆಯುವ ನಾವೇ. ಸೀರೆಯ ಅಂಚಿನಿಂದ ಬೆರಳಗಲದ ತುಂಡು ಕತ್ತರಿಸಿಕೊಂಡು ಚಿಕ್ಕಪೇಟೆಯ ಮ್ಯಾಚಿಂಗ್ ಸೆಂಟರಿಗೆ ಹೋಗುವುದುಂಟಲ್ಲ, ಹಾಗೆ. ಆ ತುಂಡಿನಿಂದ ರವಿಕೆ ಹೊಲಿಯಲಾಗದು. ಬಣ್ಣ ತೋರಿಸಲಿಕ್ಕಷ್ಟೇ ಅದು. ಸೊನ್ನೆ ಉದ್ದದ ಸ್ಟ್ರಿಂಗ್ ಅರೇ ಅಂಥದೇ ಮಾದರಿ ತುಂಡು: ‘ಇಂಥದ್ದು ಬೇಕು, ಅಳತೆ ನೀವೇ ನೋಡಿಕೊಳ್ಳಿ’. ಸೈಜ್ ಹಾಕಿದ ಅರೇಯಾದರೆ ಅಳತೆಗೆ ಸರಿಯಾಗಿ ಬಟ್ಟೆಯನ್ನೇ ಒಯ್ದಂತೆ. ಅದರಲ್ಲೇ ತುಂಬಿಸಿ ವಾಪಸು ಕೊಡುತ್ತಾರೆ.

1998ರ ಡಿಸೆಂಬರಿನಲ್ಲಿ ಜಾವಾ 1.2 ಜೊತೆ ಜಾಶುವಾ ಬ್ಲಾಕ್ ವಿನ್ಯಾಸದ ಕಲೆಕ್ಷನ್ಸ್ ಫ್ರೇಮ್‌ವರ್ಕ್ ಬಂದಾಗಲೇ ಟುಅರೇಯ ಎರಡೂ ರೂಪಗಳಿದ್ದವು: ಬರಿದೇ ಕರೆಯುವುದು, ಅರೇ ಕೊಟ್ಟು ಕರೆಯುವುದು. ಅದಕ್ಕೂ ಮೊದಲು ವೆಕ್ಟರ್ ಕ್ಲಾಸಿನಲ್ಲಿ ಕಾಪಿ ಇನ್‌ಟು ಎಂಬ ಮೆಥಡ್ ಇತ್ತು. ಅದಕ್ಕೆ ಬಟ್ಟೆಯನ್ನು ನಾವೇ ಒಯ್ಯಬೇಕಿತ್ತು, ಸಾಲದೆ ಬಂದರೆ ಎಕ್ಸೆಪ್ಷನ್. ಹೊಸ ಟುಅರೇಯ ಕರಾರು ಉದಾರವಾದದ್ದು. ಕೊಟ್ಟ ಅರೇ ಸಾಕಾದರೆ ಅದನ್ನೇ ತುಂಬಿಸುತ್ತದೆ, ಚಿಕ್ಕದಾದರೆ ಅದೇ ಜಾತಿಯ ಹೊಸದನ್ನು ಮಾಡಿಕೊಡುತ್ತದೆ, ದೊಡ್ಡದಾದರೆ ಕೊನೆಯ ವಸ್ತುವಿನ ಮುಂದಿನ ಖಾನೆಯಲ್ಲಿ ನಲ್ ಇಡುತ್ತದೆ. ಒಂದೇ ಒಂದು ಖಾನೆಯಲ್ಲಿ, ಗಮನಿಸಿ. ಹತ್ತರ ಅರೇಯನ್ನು ಮತ್ತೆ ಮತ್ತೆ ಬಳಸುತ್ತ ಈ ಸಲ ಆರು ವಸ್ತು ತುಂಬಿಸಿದರೆ ಏಳನೆಯದು ನಲ್ ಆಗುತ್ತದೆ, ಎಂಟರಿಂದ ಹತ್ತರವರೆಗೆ ಹಳೆಯ ಸರಕು ಹಾಗೇ ಕೂತಿರುತ್ತದೆ.

ಈಗ ವೇಗದ ಮಾತು. ಹಳೆಯ ಸಲಹೆ ಹುಟ್ಟಿದ್ದಕ್ಕೆ ಗಟ್ಟಿ ಕಾರಣವಿತ್ತು. ಮಾದರಿ ತುಂಡು ನೋಡಿ ಅದೇ ಜಾತಿಯ ಹೊಸ ಅರೇ ಮಾಡಬೇಕೆಂದರೆ ಲೈಬ್ರರಿಯು ರಿಫ್ಲೆಕ್ಷನ್ ಮೊರೆ ಹೋಗಬೇಕು. ಮೊದಲ ತಲೆಮಾರಿನ ವರ್ಚುವಲ್ ಮಷೀನ್‌ಗಳಲ್ಲಿ ರಿಫ್ಲೆಕ್ಷನ್ ಎಂದರೆ ಎತ್ತಿನ ಗಾಡಿ. ಸಾಲದ್ದಕ್ಕೆ ಸೊನ್ನೆ ಉದ್ದದ ಅರೇ ಹುಟ್ಟಿದ ಮರುಕ್ಷಣ ಕಸ. ಸೈಜ್ ಹಾಕಿದರೆ ಎರಡೂ ಉಳಿತಾಯ. ಪುಸ್ತಕ, ತರಬೇತಿ, ಸಂದರ್ಶನ ಎಲ್ಲ ಕಡೆಯೂ ಇದೇ ಪಾಠವಾಯಿತು. ಕೋಡ್ ತಪಾಸಣೆ ಮಾಡುವ ಪಿಎಂಡಿಯಂಥ ಉಪಕರಣಗಳು ಸೊನ್ನೆ ಕಂಡರೆ ಎಚ್ಚರಿಕೆ ಕೊಡತೊಡಗಿದವು. ಕಾರಣ ಗೊತ್ತಿಲ್ಲದವರೂ ನಿಯಮ ಪಾಲಿಸಿದರು, ನಾನೂ ಅವರಲ್ಲೊಬ್ಬ.

ನೆಲ ಕದಲಿದ್ದು ಯಾರಿಗೂ ಗೊತ್ತಾಗದಂತೆ. ಓಪನ್ ಜೆಡಿಕೆ 6ರ ಕೊನೆಕೊನೆಯ ಅಪ್‌ಡೇಟ್‌ಗಳ ಹೊತ್ತಿಗೆ ಹಾಟ್‌ಸ್ಪಾಟ್ ಕಂಪೈಲರ್ ಆ ರಿಫ್ಲೆಕ್ಷನ್ ಕರೆಯನ್ನು ನೇರ ಯಂತ್ರಸೂಚನೆಯಾಗಿ ಬದಲಿಸುವುದನ್ನು ಕಲಿತಿತ್ತು. ಗಾಡಿಯ ಕಾಲ ಮುಗಿದಿತ್ತು, ಸಲಹೆ ಮಾತ್ರ ಉಳಿದಿತ್ತು. 2016ರ ಜನವರಿಯಲ್ಲಿ ಅಲೆಕ್ಸಿ ಶಿಪಿಲ್ಯೊವ್ ಈ ಒಂದು ಸಾಲನ್ನೇ ಹಿಡಿದು ಒಂದು ಸುದೀರ್ಘ ಪ್ರಬಂಧ ಬರೆದರು. ಅವರು ಸುಮ್ಮನೆ ಸ್ಟಾಪ್‌ವಾಚ್ ಹಿಡಿದವರಲ್ಲ. ಜಾವಾ ಕೋಡಿನ ವೇಗ ಅಳೆಯಲು ಇಂದು ಎಲ್ಲರೂ ಬಳಸುವ ಜೆಎಂಎಚ್ ಸಲಕರಣೆಯ ಹಿಂದಿನ ಮುಖ್ಯ ಕೈ ಅವರದು. ಅಳತೆ ಹೇಳಿದ್ದು ಇಷ್ಟು: ಅರೇಲಿಸ್ಟಿನ ಮಟ್ಟಿಗೆ ಏನನ್ನೂ ಕೊಡದ ಟುಅರೇ ಎಲ್ಲಕ್ಕಿಂತ ವೇಗ, ಸೊನ್ನೆ ಉದ್ದದ್ದು ಎರಡನೆಯದು, ಸೈಜ್ ಹಾಕಿದ್ದು ಕೊನೆಯದು.

ಕೆಲಸ ಜಾಸ್ತಿ ಎಂದು ಕಾಣುವುದು ಬೇಗ ಮುಗಿಯುವುದು ಹೇಗೆ? ಉತ್ತರ ಅರೇ ಹುಟ್ಟುವ ಬಗೆಯಲ್ಲಿದೆ. ಜಾವಾದಲ್ಲಿ ‘ನ್ಯೂ’ ಎಂದು ಅರೇ ಕೇಳಿದರೆ ಅದರ ಪ್ರತಿ ಖಾನೆಯಲ್ಲೂ ನಲ್ ತುಂಬಿಯೇ ಕೈಗೆ ಕೊಡಬೇಕೆಂಬುದು ಭಾಷೆಯ ನಿಯಮ. ಹಳೆಯ ಮೆಮೊರಿಯಲ್ಲಿದ್ದ ಕಸ ಯಾರ ಕಣ್ಣಿಗೂ ಬೀಳಬಾರದು. ನಾವು ಸಾವಿರ ಖಾನೆಯ ಅರೇ ಮಾಡಿ ಟುಅರೇಗೆ ಒಪ್ಪಿಸಿದಾಗ ಮೊದಲು ಸಾವಿರ ಖಾನೆಗೂ ನಲ್ ಬಳಿಯಲಾಗುತ್ತದೆ, ಆಮೇಲೆ ಅದರ ಮೇಲೇ ಲಿಸ್ಟಿನ ಸರಕು ಬಂದು ಕೂರುತ್ತದೆ. ಸುಣ್ಣ ಹೊಡೆದು, ಅದು ಒಣಗುವ ಮೊದಲೇ ಪೇಂಟ್ ಹೊಡೆದ ಹಾಗೆ. ಸೊನ್ನೆ ಕೊಟ್ಟಾಗ ಅರೇಲಿಸ್ಟ್ ಒಳಗಡೆ ಅರೇಸ್ ಕ್ಲಾಸಿನ ಕಾಪಿ ಆಫ್ ಮೆಥಡ್ ಕರೆಯುತ್ತದೆ. ಅಲ್ಲಿ ಅರೇ ಹುಟ್ಟುವುದೂ ತುಂಬುವುದೂ ಬೆನ್ನುಬೆನ್ನಿಗೆ, ಕಂಪೈಲರಿನ ಕಣ್ಣೆದುರೇ. ಎಲ್ಲ ಖಾನೆಯೂ ಈಗಲೇ ತುಂಬಲಿದೆ ಎಂದು ಅದಕ್ಕೆ ಖಾತ್ರಿಯಾಗುವುದರಿಂದ ಸುಣ್ಣದ ಕೆಲಸ ಕೈಬಿಡುತ್ತದೆ. ನಾವು ಹೊರಗಡೆ ಮಾಡಿದ ಅರೇಯ ಬಗ್ಗೆ ಅದಕ್ಕೆ ಅಂಥ ಖಾತ್ರಿಯಿಲ್ಲ. ನಾವು ಕೇಳಿದ ಸೈಜೂ ಕೊನೆಗೆ ತುಂಬುವ ಲೆಕ್ಕವೂ ಒಂದೇ ಎಂದು ಅದು ನಂಬುವ ಹಾಗಿಲ್ಲ.

ಬರಿದೇ ಟುಅರೇ ಇನ್ನೂ ವೇಗವೇಕೆಂದರೆ, ಆಬ್ಜೆಕ್ಟ್ ಅರೇಯೊಳಗೆ ಏನಿಟ್ಟರೂ ನಡೆಯುತ್ತದೆ. ಸ್ಟ್ರಿಂಗ್ ಅರೇಗೆ ಸಾಗಿಸುವಾಗ ಒಂದೊಂದನ್ನೂ ‘ನೀನು ಸ್ಟ್ರಿಂಗೇ ತಾನೆ’ ಎಂದು ಕೇಳಬೇಕು. ಅರೇಯ ನೆನಪಿನ ಶಕ್ತಿಗೆ ಇಂದಿಗೂ ಕಟ್ಟುತ್ತಿರುವ ಸುಂಕ ಇದು. ಹ್ಯಾಶ್‌ಸೆಟ್, ಲಿಂಕ್ಡ್‌ಲಿಸ್ಟ್‌ಗಳ ಕಥೆ ಬೇರೆ: ಅಲ್ಲಿ ಒಂದೊಂದಾಗಿ ಹುಡುಕಿ ತುಂಬಬೇಕು, ಸುಣ್ಣ ತಪ್ಪುವುದಿಲ್ಲ, ಹಾಗಾಗಿ ಸೊನ್ನೆಗೂ ಸೈಜಿಗೂ ಹೇಳಿಕೊಳ್ಳುವ ಅಂತರವಿಲ್ಲ.

ನನ್ನ ಕೇಳಿದರೆ, ಸೊನ್ನೆಯ ಪರವಾದ ದೊಡ್ಡ ವಾದ ವೇಗದ್ದಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ರಾತ್ರಿ ಓಡುವ ವರದಿಯೊಂದು ಆಗೊಮ್ಮೆ ಈಗೊಮ್ಮೆ ನಲ್ ಪಾಯಿಂಟರ್ ಎಕ್ಸೆಪ್ಷನ್ ಎಸೆದು ಬಿದ್ದುಹೋಗುತ್ತಿತ್ತು. ಮತ್ತೆ ಓಡಿಸಿದರೆ ಏನೂ ಆಗದವರಂತೆ ಮುಗಿಯುತ್ತಿತ್ತು. ಬೀಳುತ್ತಿದ್ದುದು ಅರೇಯನ್ನು ವಿಂಗಡಿಸುವ ಸಾಲಿನಲ್ಲಿ. ಲಿಸ್ಟಿನೊಳಗೆ ನಲ್ ಹಾಕುವವರು ಯಾರೂ ಇಲ್ಲ ಎಂದು ನಾನೇ ಆಣೆ ಮಾಡಿ ಹೇಳಿದ್ದೆ, ಅದು ನಿಜವೂ ಆಗಿತ್ತು. ಲಿಸ್ಟ್ ಸಿಂಕ್ರೊನೈಸ್ಡ್ ಆಗಿತ್ತು, ಆದ್ದರಿಂದ ಅದರ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಸೈಜ್ ಕೇಳುವಾಗ ಬೀಗ ಹಾಕಿ ತೆಗೆಯುತ್ತದೆ, ಟುಅರೇ ಮಾಡುವಾಗ ಮತ್ತೆ ಬೀಗ ಹಾಕಿ ತೆಗೆಯುತ್ತದೆ. ಇವೆರಡರ ನಡುವೆ ಬಾಗಿಲು ತೆರೆದೇ ಇರುತ್ತದೆ! ಐದು ಎಂದು ಎಣಿಸಿ ಐದರ ಅರೇ ಮಾಡುವಷ್ಟರಲ್ಲಿ ಇನ್ನೊಂದು ಥ್ರೆಡ್ ಬಂದು ಒಂದನ್ನು ತೆಗೆದಿದೆ. ನಾಲ್ಕು ತುಂಬಿದ ಮೇಲೆ ಐದನೆಯ ಖಾನೆಯಲ್ಲಿ ನಲ್. ಲಿಸ್ಟಿನಲ್ಲಿ ಇಲ್ಲದ ನಲ್ ಅನ್ನು ಅರೇಯೊಳಗೆ ತಂದಿಟ್ಟವರು ನಾವೇ. ಸೈಜ್ ಅಳಿಸಿ ಸೊನ್ನೆ ಬರೆದದ್ದೇ ರಿಪೇರಿ. ಸೊನ್ನೆ ಕೊಟ್ಟರೆ ಎಣಿಕೆ, ಅರೇ ಮಾಡುವುದು, ತುಂಬುವುದು ಮೂರೂ ಒಂದೇ ಬೀಗದೊಳಗೆ ಆಗುತ್ತವೆ.

ಇಂಟೆಲಿಜೆ ಐಡಿಯಾದ ತಪಾಸಣೆಯೂ ಪಿಎಂಡಿಯ ನಿಯಮವೂ ಆಮೇಲೆ ಪಕ್ಷ ಬದಲಿಸಿದವು. ಒಂದು ಕಾಲಕ್ಕೆ ಸೊನ್ನೆಯನ್ನು ಹಳದಿ ಮಾಡಿ ತೋರಿಸುತ್ತಿದ್ದ ಪರದೆ ಈಗ ಸೈಜನ್ನು ಹಳದಿ ಮಾಡುತ್ತದೆ. ಬ್ಲಾಕ್ ಅವರ ‘ಎಫೆಕ್ಟಿವ್ ಜಾವಾ’ ಪುಸ್ತಕದ 2018ರ ಮೂರನೆಯ ಆವೃತ್ತಿಯೂ ವೇಗದ ಆಸೆಗೆ ಅರೇಯನ್ನು ಮೊದಲೇ ಅಳತೆ ಮಾಡಿ ಕೊಡಬೇಡಿ ಎನ್ನುತ್ತದೆ. ಸೊನ್ನೆ ಉದ್ದದ ಒಂದು ಅರೇಯನ್ನು ಸ್ಥಿರವಾಗಿ ಇಟ್ಟುಕೊಂಡು ಅದನ್ನೇ ಎಲ್ಲ ಕಡೆ ಕೊಟ್ಟರೆ ಹೇಗೆ ಎನ್ನುವವರಿದ್ದಾರೆ. ಲಿಸ್ಟ್ ಬಹುಪಾಲು ಖಾಲಿಯೇ ಇರುವ ಕಡೆ ಅದರಿಂದ ಉಪಯೋಗವಿದೆ. ಅದೇ ಅರೇ ತಿರುಗಿ ಬರುತ್ತದೆ, ಹೊಸದು ಹುಟ್ಟುವುದೇ ಇಲ್ಲ. ಉಳಿದ ಕಡೆ ಉಳಿಯುವುದು ಸಾಮಾನ್ಯ 64 ಬಿಟ್ ಯಂತ್ರದಲ್ಲಿ 16 ಬೈಟ್. ಅಷ್ಟಕ್ಕೆ ಕೋಡಿನ ತಲೆಯ ಮೇಲೊಂದು ಹೆಸರು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

2014ರಲ್ಲಿ ಜಾವಾ 8 ಬಂದಾಗ ಇನ್ನೊಂದು ರೂಪ ಸಿಕ್ಕಿತು. ಸ್ಟ್ರೀಮಿನ ಟುಅರೇಗೆ ಅರೇಯನ್ನಲ್ಲ, ಅರೇ ಮಾಡುವ ವಿಧಾನವನ್ನೇ ಕೊಡುವುದು: ‘ಸ್ಟ್ರಿಂಗ್ ಅರೇ’, ಎರಡು ಕೋಲನ್, ‘ನ್ಯೂ’. ಲೆಕ್ಕ ಮೊದಲೇ ಗೊತ್ತಿದ್ದರೆ ಸ್ಟ್ರೀಮು ಆ ಅಳತೆಗೇ ಒಂದು ಅರೇ ಮಾಡಿಸುತ್ತದೆ. ನಡುವೆ ಫಿಲ್ಟರ್ ಬಂದರೆ ಎಷ್ಟು ಉಳಿಯುತ್ತವೆಂದು ಮೊದಲೇ ಹೇಳಲಾಗದು. ಆಗ ತುಂಡುತುಂಡು ಬಫರುಗಳಲ್ಲಿ ಕೂಡಿಟ್ಟು ಕೊನೆಗೆ ಒಮ್ಮೆ ನಕಲು ಮಾಡುತ್ತದೆ. ಇದೇ ಸೌಲಭ್ಯ ಕಲೆಕ್ಷನ್‌ಗೆ ದಕ್ಕಿದ್ದು ನಾಲ್ಕು ವರ್ಷ ತಡವಾಗಿ, 2018ರ ಸೆಪ್ಟೆಂಬರಿನ ಜಾವಾ 11ರಲ್ಲಿ. ಅದರ ಒಳಗೊಂದು ತಮಾಷೆಯಿದೆ. ಉದ್ದವನ್ನು ಕೊಟ್ಟರೆ ಅರೇ ಕೊಡುವ ವಿಧಾನವನ್ನು ನಾವು ಒಪ್ಪಿಸುತ್ತೇವೆ, ಸೈಜ್ ಹಾಕಿ ಕರೆಯುತ್ತದೆಂದು ಭಾವಿಸುತ್ತೇವೆ. ಕಲೆಕ್ಷನ್‌ನಲ್ಲಿ ಬರೆದಿರುವ ಮೂಲ ಕೋಡ್ ಒಂದೇ ಸಾಲು: ಆ ವಿಧಾನಕ್ಕೆ ಸೊನ್ನೆ ಕೊಡುತ್ತದೆ, ಬಂದ ಖಾಲಿ ಅರೇಯನ್ನು ಹಳೆಯ ಟುಅರೇಗೆ ದಾಟಿಸುತ್ತದೆ. ಇಪ್ಪತ್ತು ವರ್ಷದ ಜಗಳಕ್ಕೆ ಲೈಬ್ರರಿ ಬರೆದವರು ಕೊಟ್ಟ ತೀರ್ಪು ಆ ಸೊನ್ನೆಯಲ್ಲಿದೆ.

ಈ ಯಾವ ರೂಪವೂ ಒಂದು ತೂತನ್ನು ಮುಚ್ಚಿಲ್ಲ. ಪೂರ್ಣಾಂಕಗಳ ಲಿಸ್ಟಿಗೆ ಸ್ಟ್ರಿಂಗ್ ಅರೇ ಕೊಟ್ಟರೂ ಕಂಪೈಲರ್ ಒಪ್ಪುತ್ತದೆ! ಓಡಿದಾಗಲೇ ಅರೇ ಸ್ಟೋರ್ ಎಕ್ಸೆಪ್ಷನ್. ಪೂರ್ಣಾಂಕಗಳನ್ನು ನಂಬರ್ ಅರೇಗೋ ಆಬ್ಜೆಕ್ಟ್ ಅರೇಗೋ ಸಾಗಿಸುವುದು ನ್ಯಾಯವಾದ ಆಸೆ. ಅದಕ್ಕೆ ಜಾಗ ಬಿಡಬೇಕೆಂದರೆ ‘ಇದೇ ಜಾತಿ ಅಥವಾ ಇದರ ಹಿರಿಯ ಜಾತಿ’ ಎಂದು ಮೆಥಡ್‌ನ ಸಹಿಯಲ್ಲಿ ಬರೆಯಲು ಬರಬೇಕಿತ್ತು. ಜಾವಾದ ವ್ಯಾಕರಣದಲ್ಲಿ ಅದಕ್ಕೆ ಅವಕಾಶವಿಲ್ಲ. ಬೇಲಿ ಹಾಕಲಾಗದ ಕಡೆ ಗೇಟನ್ನೇ ತೆರೆದಿಟ್ಟಿದ್ದಾರೆ.

ಲೈಬ್ರರಿಯವರೂ ತಪ್ಪಿದ್ದುಂಟು. ಅರೇಸ್ ಕ್ಲಾಸಿನ ಆಸ್‌ಲಿಸ್ಟ್ ಕೊಡುವ ಲಿಸ್ಟಿನ ಮೇಲೆ ಬರಿದೇ ಟುಅರೇ ಕರೆದರೆ, ಕರಾರಿನ ಪ್ರಕಾರ ಬರಬೇಕಾದ ಆಬ್ಜೆಕ್ಟ್ ಅರೇಯ ಬದಲು ಸ್ಟ್ರಿಂಗ್ ಅರೇಯೇ ಬರುತ್ತಿತ್ತು. ಅದರೊಳಗೆ ಬೇರೆ ಏನನ್ನಾದರೂ ಇಡಲು ಹೋದವರಿಗೆ ಎಕ್ಸೆಪ್ಷನ್. 6260652 ಎಂಬ ಸಂಖ್ಯೆಯ ಈ ದೋಷ ಸರಿಯಾದದ್ದು ಜಾವಾ 9ರಲ್ಲಿ, 2017ಕ್ಕೆ. ಅಷ್ಟು ವರ್ಷವೂ ಅರೇಲಿಸ್ಟಿನ ಕನ್‌ಸ್ಟ್ರಕ್ಟರ್ ಒಳಗೆ ಆ ಸಂಖ್ಯೆಯನ್ನು ಹೆಸರಿಸಿದ ಟಿಪ್ಪಣಿಯೊಂದು, ‘ಬಂದದ್ದು ಆಬ್ಜೆಕ್ಟ್ ಅರೇ ಅಲ್ಲದಿರಬಹುದು, ನೋಡಿಕೋ’ ಎಂಬ ಧಾಟಿಯಲ್ಲಿ, ಕಾವಲು ಕೂತಿತ್ತು. ಒಂದು ಕಲೆಕ್ಷನ್‌ನಿಂದ ಅರೇಲಿಸ್ಟ್ ಕಟ್ಟಿದಾಗ, ಆಡ್‌ಆಲ್ ಮಾಡಿದಾಗ ಒಳಗಡೆ ಓಡುವುದು ಟುಅರೇಯೇ. ಜಾವಾ 8ಕ್ಕೆ ಮೊದಲು ಕಲೆಕ್ಷನ್ಸ್ ಕ್ಲಾಸಿನ ಸಾರ್ಟ್ ಕೂಡ ಲಿಸ್ಟನ್ನು ಅರೇಗೆ ಸುರಿದು, ಅಲ್ಲಿ ವಿಂಗಡಿಸಿ, ಮತ್ತೆ ಒಂದೊಂದಾಗಿ ಲಿಸ್ಟಿಗೆ ತುಂಬುತ್ತಿತ್ತು. ನಾವು ಕೈಯಾರೆ ಬರೆಯದಿದ್ದರೂ ದಿನಕ್ಕೆ ಎಷ್ಟೋ ಸಲ ಅದನ್ನು ಓಡಿಸುತ್ತಲೇ ಇರುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದ್ದೊಂದಿದೆ. ಸೊನ್ನೆ, ಸೈಜ್ ಜಗಳದಲ್ಲಿ ಗೆದ್ದವರಿಗೆ ಸಿಗುವುದು ಚಿಲ್ಲರೆ. ನೋಟುಗಳು ಸೋರುವುದು ಪೂರ್ಣಾಂಕಗಳಲ್ಲಿ. ಹತ್ತು ಲಕ್ಷ ಸಂಖ್ಯೆಗಳನ್ನು ಇಂಟ್ ಅರೇಯಲ್ಲಿ ಇಟ್ಟರೆ ತಲಾ 4 ಬೈಟಿನಂತೆ 40 ಲಕ್ಷ ಬೈಟ್. ಅವನ್ನೇ ಇಂಟಿಜರ್ ಅರೇಲಿಸ್ಟಿನಲ್ಲಿ ಇಟ್ಟರೆ ಪ್ರತಿಯೊಂದಕ್ಕೂ 16 ಬೈಟಿನ ಆಬ್ಜೆಕ್ಟ್, ಅದನ್ನು ತೋರಿಸುವ 4 ಬೈಟಿನ ಕೊಂಡಿ. ಎರಡು ಕೋಟಿ ಬೈಟ್, ಐದು ಪಟ್ಟು. ಸಾಮಾನ್ಯ 64 ಬಿಟ್ ಹಾಟ್‌ಸ್ಪಾಟ್‌ನಲ್ಲಿ ಕೊಂಡಿಗಳನ್ನು ಕುಗ್ಗಿಸಿಟ್ಟಾಗಿನ ಲೆಕ್ಕ ಇದು. ಮೈನಸ್ 128ರಿಂದ 127ರವರೆಗಿನ ಪುಟ್ಟ ಸಂಖ್ಯೆಗಳನ್ನು ಜಾವಾ ಮೊದಲೇ ಮಾಡಿಟ್ಟು ಹಂಚಿಕೊಳ್ಳುತ್ತದೆ, ಅವಕ್ಕಷ್ಟೇ ವಿನಾಯಿತಿ.

ಇಂಥ ಲಿಸ್ಟನ್ನು ಇಂಟ್ ಅರೇ ಮಾಡಲು ಟುಅರೇಯ ಯಾವ ರೂಪವೂ ಒದಗುವುದಿಲ್ಲ. ಇಂಟ್ ಎಂಬುದು ಆಬ್ಜೆಕ್ಟೇ ಅಲ್ಲ. ಸ್ಟ್ರೀಮ್ ಮಾಡಿ, ಮ್ಯಾಪ್ ಟು ಇಂಟ್ ಹಾಕಿ, ಟುಅರೇ ಎನ್ನುವುದು ಈಗಿನ ರೂಢಿ. ಸಾದಾ ಫಾರ್ ಲೂಪ್ ಬರೆದರೂ ಮಾನ ಹೋಗುವುದಿಲ್ಲ. ಗ್ವಾವಾದ ಇಂಟ್ಸ್ ಕ್ಲಾಸಿನಲ್ಲಿ ಒಂದು ಟುಅರೇ ಇದೆ, ಕಾಟ್ಲಿನ್‌ನಲ್ಲಿ ಟುಇಂಟ್‌ಅರೇ ಭಾಷೆಯ ಜೊತೆಗೇ ಬರುತ್ತದೆ. ಜಾವಾದಲ್ಲಿ ಯಾವುದನ್ನೇ ಬಳಸಿ, ಲಿಸ್ಟಿನಲ್ಲಿ ಒಂದು ನಲ್ ಇದ್ದರೆ ಅದು ಎಕ್ಸೆಪ್ಷನ್ ಆಗಿ ಸಿಡಿಯುತ್ತದೆ. ಪ್ರತಿ ಸಂಖ್ಯೆಗೂ ಆಬ್ಜೆಕ್ಟಿನ ಅಂಗಿ ತೊಡಿಸಿ ಲಿಸ್ಟಿಗೆ ಕಳಿಸುವುದು, ಆಮೇಲೆ ಆ ಅಂಗಿ ಬಿಚ್ಚಿಸಿ ಅರೇಗೆ ತರುವುದು, ಇದರಲ್ಲಿ ಬಿಚ್ಚಿಸುವ ಹಂತವನ್ನು ಎಷ್ಟು ಚುರುಕು ಮಾಡಿದರೂ ತೊಡಿಸಿದ ಖರ್ಚು ತಿರುಗಿ ಬರದು. ಸಂಖ್ಯೆಗಳೇ ಮುಖ್ಯವಾದ ಕೆಲಸವಾದರೆ ಮೊದಲಿನಿಂದಲೇ ಇಂಟ್ ಅರೇ ಇಟ್ಟುಕೊಳ್ಳಬೇಕು, ಇಲ್ಲವೇ ಫಾಸ್ಟ್‌ಯುಟಿಲ್, ಎಕ್ಲಿಪ್ಸ್ ಕಲೆಕ್ಷನ್ಸ್‌ನಂಥ ಲೈಬ್ರರಿಗಳ ಇಂಟ್ ಲಿಸ್ಟ್ ಬಳಸಬೇಕು. ಅಂಗಿಯ ಖರ್ಚನ್ನು ಭಾಷೆಯೇ ತಗ್ಗಿಸಲೆಂದು 2014ರಿಂದ ನಡೆಯುತ್ತಿರುವ ವಲ್ಹಾಲಾ ಯೋಜನೆಯ ಫಲಕ್ಕಾಗಿ ಜಾವಾದವರು ಹತ್ತು ವರ್ಷದ ಮೇಲಾಯಿತು, ಕಾಯುತ್ತಿದ್ದಾರೆ.

ನಿಮ್ಮ ಮುಂದಿನ ಕೋಡ್ ರಿವ್ಯೂಗೆ ನನ್ನ ಸಲಹೆ ಇಷ್ಟೇ. ಜಾವಾ 11 ಅಥವಾ ಮುಂದಿನದಾದರೆ ‘ಸ್ಟ್ರಿಂಗ್ ಅರೇ ಕೋಲನ್ ಕೋಲನ್ ನ್ಯೂ’ ಬರೆಯಿರಿ, ಹಳೆಯದಾದರೆ ಸೊನ್ನೆ ಹಾಕಿ. ಒಂದೇ ಥ್ರೆಡ್ ಮುಟ್ಟುವ ಲಿಸ್ಟಿನ ಮೇಲೆ ಯಾರೋ ಹಿಂದೆ ಸೈಜ್ ಹಾಕಿಟ್ಟಿದ್ದರೆ ಅದನ್ನು ಹಾಗೇ ಬಿಡಿ, ಅದರಿಂದ ಯಾರ ಸರ್ವರೂ ಮಲಗುವುದಿಲ್ಲ. ಎರಡು ಥ್ರೆಡ್ ಮುಟ್ಟುವ ಲಿಸ್ಟ್ ಆಗಿದ್ದರೆ ಇವತ್ತೇ ತಿದ್ದಿ.